ಕೊಪ್ಪರಿಗೆಯೊಳಗೆ ಕೂತವನು

2 ಅಕ್ಟೋಬರ್ 2015, ಶುಕ್ರವಾರ
ರಾಸ್ ಅಲ್ ಖೈರ್ ಕ್ಯಾಂಪ್

ಜುಮಾ ನಮಾಜು ಮುಗಿಸಿ ಎರಡರ ಬಸ್ಸಿಗೆ ಜುಬೈಲ್. ಎಲ್ಲ ಶುಕ್ರವಾರದ ಹಾಗೆ ವೆಂಕಟೇಶ್ ಸರ್ ಮನೆ. ಈ ಸೌದಿಯಲ್ಲಿ ಟಾಕೀಸ್ ಇಲ್ಲ. ಸರ್ ಹಾಲ್‌ನ ಗೋಡೆಗೆ ಬೆಡ್‌ಶೀಟ್ ಕಟ್ಟಿದರೆ ಅದೇ ಟಾಕೀಸ್. ಪ್ಲಾಂಟ್‌ನಲ್ಲಿ ಅವರು ಮ್ಯಾನೇಜರ್, ಮೈಸೂರಿನವರು. ನಾನು ಅವರ ಕೈಕೆಳಗೆ ಡ್ರಾಯಿಂಗ್‌ಗಳಿಗೆ ನಂಬರ್ ಹಾಕಿ ಜೋಡಿಸಿಡುವವನು. ಮನೆಗೆ ಹೋದರೆ ಮಾತ್ರ ಹೆಗಲಿಗೆ ಕೈ ಹಾಕುತ್ತಾರೆ, ರತ್ನಪ್ರಭಾ ಮೇಡಂ ಕೈಯಾರೆ ಚಹಾ ಕೊಡುತ್ತಾರೆ. ಅದು ನನಗೆ ಬಹಳ ಇಷ್ಟ. ಇಲ್ಲಿ ಸುಳ್ಳು ಬರೆಯುವುದು ಯಾಕೆ.

ಸರ್‌ಗೆ ಒಂದೇ ಹುಚ್ಚು — ಐವತ್ತು ಅರವತ್ತರ ದಶಕದ ಮಿಲಿಟರಿ ಕಾಮಿಡಿಗಳು. ಕರಿ-ಬಿಳಿ. ಹಿಂದಿ, ತಮಿಳು, ಇಂಗ್ಲಿಷ್... ಹಾರ್ಡ್ ಡಿಸ್ಕ್ ತುಂಬಾ ಅದೇ. ಯಾವ ಭಾಷೆಯದ್ದಾದರೂ ಬ್ಯಾರಕ್ ಒಂದೇ. ಕಿರುಚುವ ಸುಬೇದಾರ್, ಜೋರಾಗಿ ನಗುವ ಸರ್ದಾರ್, ವಿಭೂತಿ ಬಳಿದ ಮದ್ರಾಸಿ ಗುಮಾಸ್ತ. ಕೊನೆಗೊಬ್ಬ ಅಡುಗೆಯವ. ಹಿಂದಿಯಲ್ಲಾದರೆ ಟೊಪ್ಪಿ ಹಾಕಿದ ಖಾನ್ಸಾಮಾ, ತಮಿಳಿನಲ್ಲಾದರೆ ಮಲಬಾರಿನ ಕಾಕಾ, ಇಂಗ್ಲಿಷಿನಲ್ಲಾದರೆ ಮುಖಕ್ಕೆ ಮಸಿ ಬಳಿದು ನಮ್ಮವನಾದ ಬಿಳಿಯ. ಗುಂಡಿನ ಸದ್ದು ಕೇಳಿದರೆ ಅವನು ಮೇಜಿನಡಿ. ಭಾಷೆ ತಪ್ಪು. ಕೊನೆಯ ಸೀನಿನಲ್ಲಿ ಎಲ್ಲರಿಗೂ ಪದಕ, ಅವನಿಗೆ ಸೌಟು.

ಇವತ್ತಿನದರಲ್ಲೂ ಅದೇ. ಖಾನ್ಸಾಮಾ ಮೊದಲ ಮಾತಾಡಿದಾಗ ಹಾಲ್‌ನಲ್ಲಿದ್ದ ಎಂಟು ಜನರೂ ಒಮ್ಮೆ ನನ್ನ ಮುಖ ನೋಡಿದರು. ನಾನು ನಕ್ಕೆ. ಆಮೇಲೆ ಎಲ್ಲರೂ ನಕ್ಕರು. ಮೇಡಂ ಮಾತ್ರ ನಗಲಿಲ್ಲ. ಯಾವ ಸಿನಿಮಾದಲ್ಲೂ ಈ ಅಡುಗೆಯವನ ಮನೆಗೆ ಕ್ಯಾಮೆರಾ ಹೋಗುವುದಿಲ್ಲವಲ್ಲ, ಎಂದರು. ಮನೆಗೆ ಹೋದರೆ ಕಾಮಿಡಿ ಎಲ್ಲಿ ಉಳಿಯುತ್ತದೆ ಮೇಡಂ ಎಂದೆ. ಸರ್ ಚಪ್ಪಾಳೆ ತಟ್ಟಿದರು. ಬಸ್ಸಿನಲ್ಲಿ ಬರುವಾಗಲೂ ಅದನ್ನೇ ನೆನೆದು ಖುಷಿಪಟ್ಟೆ.

5 ಅಕ್ಟೋಬರ್, ಸೋಮವಾರ

ಲಂಚ್ ಬ್ರೇಕ್. ಮೆಸ್ಸಿನ ಹಿಂದೆ ನಮ್ಮ ಕುಕ್ ಅಲಿಯಬ್ಬಾಕನ ಜೊತೆ ಕೂತು ನೀರುಳ್ಳಿ ಸುಲಿದೆ. ನನ್ನ ಕೆಲಸವಲ್ಲ, ಆದರೂ ನಮ್ಮ ಬ್ಯಾರಿ ಭಾಷೆ ಮಾತಾಡಲು ಈ ಕ್ಯಾಂಪಿನಲ್ಲಿ ಅವರನ್ನು ಬಿಟ್ಟರೆ ರೂಮ್‌ಮೇಟ್ ಶಹೀರ್ ಮಾತ್ರ. ಅಲಿಯಬ್ಬಾಕ ಉಳ್ಳಾಲದವರು. ಸೌದಿಗೆ ಬಂದು ಇಪ್ಪತ್ತೇಳು ವರ್ಷ. ಜನವರಿಯಲ್ಲಿ ಫೈನಲ್ ಎಕ್ಸಿಟ್ — ಊರಿಗೆ ಹೋದರೆ ಮತ್ತೆ ಬರುವುದಿಲ್ಲ.

ತೊಂಬತ್ತೊಂದರ ಯುದ್ಧದ ಕಥೆ ಹೇಳಿದರು. ಆಗ ಸೈನಿಕರ ಒಂದು ಮೆಸ್ಸಿಗೆ ಅಡುಗೆ ಮಾಡುತ್ತಿದ್ದರಂತೆ. ಗ್ಯಾಸ್ ಬಾಂಬ್ ಬೀಳುತ್ತದೆ ಎಂದು ಸೈನಿಕರಿಗೆ, ಸಾಹೇಬರುಗಳಿಗೆ ಮುಖವಾಡ ಕೊಟ್ಟರು. ಅಡುಗೆಮನೆಯವರಿಗೆ ಕೊಡಲಿಲ್ಲ. ಒಂದು ಬೆಳಿಗ್ಗೆ ಹಿಟ್ಟು ನಾದುವಾಗ ಸೈರನ್. ಎಲ್ಲರೂ ಬಂಕರಿಗೆ ಓಡಿದರು. ಪಾತ್ರೆ ತೊಳೆಯುವ ಕಲಂದರ್ ಬಜಪೆಯವರು, ಇವರಿಗಿಂತ ಹತ್ತು ವರ್ಷ ದೊಡ್ಡವರು, ದಮ್ಮಿನ ರೋಗಿ. ನಾಲ್ಕು ಹೆಜ್ಜೆ ಓಡಿದರೆ ಕೂರಬೇಕು. ಅಲಿಯಬ್ಬಾಕ ಬಾಗಿಲಿನಿಂದ ವಾಪಸ್ ಬಂದರು. ಬಿರಿಯಾನಿ ಕೊಪ್ಪರಿಗೆಯೊಳಗೆ ಕಲಂದರ್‌ನನ್ನು ಕೂರಿಸಿ, ಒದ್ದೆ ಗೋಣಿ ಹಾಸಿ, ಮುಚ್ಚಳ ಮುಚ್ಚಿದರು. ಗಾಳಿ ಹೋಗದ ಹಾಗೆ ಮುಚ್ಚಳ ಒತ್ತಿ ಹಿಡಿದುಕೊಂಡು, ತಾನು ಮುಖಕ್ಕೊಂದು ಒದ್ದೆ ಬಟ್ಟೆ ಕಟ್ಟಿ ಹೊರಗೆ ಕೂತರು. ಇನ್ನೊಂದು ಕೊಪ್ಪರಿಗೆ ಇರಲಿಲ್ಲ. ಸೈರನ್ ನಿಲ್ಲಲು ಮುಕ್ಕಾಲು ಗಂಟೆ.

ಗ್ಯಾಸೂ ಇಲ್ಲ ಎಂತದೂ ಇಲ್ಲ. ಮುಚ್ಚಳ ತೆಗೆದರೆ ಕಲಂದರ್ ಒಳಗೆ ಉಸಿರುಕಟ್ಟಿ ಸಾಯುವ ಹಾಗಾಗಿದ್ದರು. ಗ್ಯಾಸ್ ಬಂದರೂ ಇಷ್ಟು ಕಷ್ಟ ಇರಲಿಕ್ಕಿಲ್ಲ ಎಂದು ಬೈದರಂತೆ. ಹೇಳುತ್ತಾ ಹೇಳುತ್ತಾ ಅಲಿಯಬ್ಬಾಕನೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಲಂದರ್ ತೀರಿಕೊಂಡು ಆರು ವರ್ಷ. ಅಲಿಯಬ್ಬಾಕನ ಮಗಳು ಮಿಸ್ರಿಯಾ ಸಣ್ಣವಳಿದ್ದಾಗ ಪ್ರತಿ ರಜೆಯಲ್ಲೂ ಈ ಕಥೆ ಕೇಳದೆ ನಿದ್ದೆ ಮಾಡುತ್ತಿರಲಿಲ್ಲವಂತೆ. “ನನ್ನದು ಅಂತ ಇರುವುದು ಇದೊಂದೇ ಕಥೆ ಮಾರಾಯ,” ಎಂದರು.

16 ಅಕ್ಟೋಬರ್, ಶುಕ್ರವಾರ

ರಾಜ್ಯೋತ್ಸವಕ್ಕೆ ಇಲ್ಲಿನ ಕನ್ನಡ ಸಂಘದಿಂದ ನಾಟಕ. ಸರ್ ಬರೆಯುತ್ತಿದ್ದಾರೆ, ಹಳೇ ಸಿನಿಮಾಗಳ ಧಾಟಿಯಲ್ಲೇ. ಇಡೀ ಕರ್ನಾಟಕ ಒಂದೇ ಬ್ಯಾರಕ್‌ನಲ್ಲಿ ಎಂದು ಅವರಿಗೆ ಹೆಮ್ಮೆ. ಸುಬೇದಾರ್ ಪೊನ್ನಪ್ಪ, ಹವಾಲ್ದಾರ್ ಪಾಟೀಲ, ಗುಮಾಸ್ತ ರಾಮಕೃಷ್ಣಯ್ಯ, ಮತ್ತೆ ಅಡುಗೆಯವ — ಬ್ಯಾರಿ. ಎಲ್ಲರಿಗೂ ಹೆಸರಿದೆ, ಇವನಿಗೆ ಯಾಕಿಲ್ಲ ಎಂದು ಮೇಡಂ ಕೇಳಿದರು. ಸರ್ ಪಾಪ, ತಬ್ಬಿಬ್ಬಾದರು. “ಫಾಝಿಲ್, ನಿಂಗೆ ಬೇಜಾರಾಗುತ್ತೇನಪ್ಪಾ? ಬೇಡಾಂದ್ರೆ ತೆಗೆದುಬಿಡೋಣ,” ಎಂದರು. ತೆಗೆಯುವುದು ಬೇಡ, ನಮಗೆ ಯಾರಿಗೂ ಬೇಜಾರಿಲ್ಲ ಸರ್ ಎಂದೆ. ಯಾರನ್ನೂ ಕೇಳದೆ ಇಡೀ ಜಮಾಅತ್ತಿನ ಪರವಾಗಿ ಹೇಳಿದೆ.

ಬ್ಯಾರಿಯ ಪಾರ್ಟು ನನಗೇ. ಒಂದು ನಗುವಿನ ಸೀನ್ ಬೇಕಿತ್ತು. ಕೊಪ್ಪರಿಗೆಯದ್ದು ಹೇಳಿದೆ. ಹೇಳುವಾಗ... ಹೇಗೆ ಬರೆಯಲಿ. ಅಡುಗೆಯವ ಇನ್ನೊಬ್ಬನನ್ನು ಕೂರಿಸಿದ ಎಂದರೆ ಅಲ್ಲಿ ನಗು ಇಲ್ಲ, ಬಾಯಿಗೆ ಬರುವ ಮೊದಲೇ ಗೊತ್ತಾಯಿತು. ಅಡುಗೆಯವನೇ ಒಳಗೆ ಹಾರಿ ಕೂತ ಎಂದುಬಿಟ್ಟೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸರ್ ಕೇಳಿದರು, ನಿಜವಾಗಿ ನಡೆದದ್ದೇ? ನಿಜವೇ ಸರ್, ನಮ್ಮ ಅಲಿಯಬ್ಬಾಕನ ಕಥೆ ಎಂದೆ.

ಒಬ್ಬ ಮನುಷ್ಯನನ್ನು ಹೊರಗಿನಿಂದ ಎತ್ತಿ ಒಳಗೆ ಕೂರಿಸಿದ್ದು ಅಷ್ಟೇ. ನಾಟಕಕ್ಕೆ ಅಷ್ಟು ಇರುತ್ತದೆ.

12 ನವೆಂಬರ್, ಗುರುವಾರ

ನಾಳೆ ಶೋ. ಜುಬೈಲ್ ಹೊರಗಿನ ಇಸ್ತಿರಾಹ ಬಾಡಿಗೆಗೆ ಹಿಡಿದಿದ್ದಾರೆ — ಸುತ್ತ ಗೋಡೆ, ನಡುವೆ ಹುಲ್ಲು, ಒಂದು ಹಾಲ್. ಇನ್ನೂರು ಜನ, ಫ್ಯಾಮಿಲಿ ಸಮೇತ. ಊಟದ ಬಿರಿಯಾನಿ ಅಲಿಯಬ್ಬಾಕನದೇ. ನಾಟಕಕ್ಕೊಂದು ಕೊಪ್ಪರಿಗೆ ಬೇಕು ಎಂದೆ, ಎಂತಕ್ಕೆ ಎಂದು ಹೇಳಲಿಲ್ಲ. ಒಬ್ಬ ಕೂರುವಷ್ಟು ದೊಡ್ಡದು ಎಂದೆ. ಸಂಜೆ ನೋಡಿದರೆ ತಾವೇ ಕುಕ್ಕರುಗಾಲಲ್ಲಿ ಕೂತು ಬೂದಿ ಹಾಕಿ ತಿಕ್ಕುತ್ತಿದ್ದಾರೆ. ಬಿಡಿ, ನಾನು ತಿಕ್ಕುತ್ತೇನೆ ಎಂದೆ. ಬೇಡವಂತೆ. ಒಳಗೆ ಕೂರುವವನ ಅಂಗಿಗೆ ಎಣ್ಣೆ ಜಿಡ್ಡು ಹಿಡಿಯಬಾರದಂತೆ.

ಆಗ ಹೇಳಬಹುದಿತ್ತು.

14 ನವೆಂಬರ್, ಶನಿವಾರ ಬೆಳಿಗ್ಗೆ 7

ಶೋ ಭರ್ಜರಿ. ನನ್ನ ಒಂದೊಂದು ಮಾತಿಗೂ ಸಿಳ್ಳೆ. ಅಲಿಯಬ್ಬಾಕನ ನಡಿಗೆ ಹಾಕಿದ್ದೆ, ಹೆಗಲ ಮೇಲಿನ ಟವಲ್ ಕೊಡವುವುದು, ಮಾತಿನ ನಡುವೆ ಮೂಗು ಉಜ್ಜುವುದು, ಕನ್ನಡದಲ್ಲಿ ಅವರು ತಡವರಿಸುವ ರೀತಿ. ನನ್ನನ್ನು ಹೆತ್ತ ಉಪ್ಪನೂ ಹಾಗೆಯೇ ಕನ್ನಡ ಮಾತಾಡುತ್ತಿದ್ದರು. ಅದಕ್ಕೇ ಅಷ್ಟು ಚೆನ್ನಾಗಿ ಬಂತೋ ಏನೋ. ಸೈರನ್ ಆದಾಗ ಕೊಪ್ಪರಿಗೆಗೆ ಹಾರಿದೆ. ಮುಚ್ಚಳ ಎತ್ತಿ ಇಣುಕಿ, “ನಾನು ಇಲ್ಲಿ ಇಲ್ಲ ಸುಬೇದಾರ್ರೇ” ಎಂದೆ. ಐದು ನಿಮಿಷ ನಾಟಕ ಮುಂದೆ ಹೋಗಲಿಲ್ಲ, ಅಷ್ಟು ನಗು.

ಎರಡನೇ ಸಲ ಇಣುಕಿದಾಗ ಅಲಿಯಬ್ಬಾಕ ಕಂಡರು. ಅಡುಗೆಯ ಕಡೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು. ನಗುತ್ತಿದ್ದರು. ಸುತ್ತ ಇದ್ದವರು ಅವರ ಬೆನ್ನು ತಟ್ಟುತ್ತಿದ್ದರು. ಆಮೇಲೆ ಒಳಗೆ ಹೋದರು. ಬಡಿಸುವಾಗ ನನ್ನ ಪ್ಲೇಟಿಗೆ ಎಲ್ಲರಿಗಿಂತ ದೊಡ್ಡ ತುಂಡು ಹಾಕಿ ಮುಂದಿನವನ ಕಡೆ ಹೋದರು.

ನಕ್ಕರಲ್ಲ. ಬೇಜಾರಾಗಿದ್ದರೆ ನಗುತ್ತಿದ್ದರಾ?

19 ನವೆಂಬರ್, ಗುರುವಾರ

ಯಾರೋ ವಿಡಿಯೋ ಮಾಡಿದ್ದಾರೆ. ವಾಟ್ಸಾಪ್‌ನಲ್ಲಿ ಆ ಸೀನ್ ಮಾತ್ರ ಕತ್ತರಿಸಿ ಬಿಟ್ಟಿದ್ದಾರೆ — ‘ಉಳ್ಳಾಲದ ಅಲಿಯಬ್ಬರ ನಿಜಕಥೆ’ ಎಂದು ಬರೆದು. ದಮ್ಮಾಮ್, ರಿಯಾದ್, ದುಬೈ ಸುತ್ತಿ ಊರಿಗೂ ಹೋಯಿತು. ಹಸೀನಾ ಫೋನಿನಲ್ಲಿ ನಕ್ಕೂ ನಕ್ಕೂ ಸುಸ್ತು. ಗಂಡ ಸ್ಟಾರ್ ಆದ ಎಂದಳು.

ಸಂಜೆ ಅಲಿಯಬ್ಬಾಕ ರೂಮಿಗೆ ಬಂದರು. ಮೆಸ್ ಬಿಟ್ಟು ಅವರು ಯಾರ ರೂಮಿಗೂ ಬರುವವರಲ್ಲ. ಮೊಬೈಲ್ ನನ್ನ ಕೈಗೆ ಕೊಟ್ಟರು. ಮಿಸ್ರಿಯಾಳ ವಾಯ್ಸ್ ಮೆಸೇಜ್. ಗಂಡನ ಮನೆಯಲ್ಲಿ ಎಲ್ಲರೂ ಟಿವಿಗೆ ಹಾಕಿ ನೋಡಿದರಂತೆ. ಕೊನೆಗೆ ದನಿ ಸಣ್ಣ ಮಾಡಿ ಕೇಳಿದ್ದಾಳೆ — “ಉಪ್ಪ, ಒಳಗೆ ಕೂತದ್ದು ನೀವಾ? ಮತ್ತೆ ನಂಗೆ ಹೇಳಿದ್ದು?”

ತಪ್ಪಾಯಿತು ಎನ್ನಬೇಕಿತ್ತು. ನಾಟಕ ಅಂದ ಮೇಲೆ ಸ್ವಲ್ಪ ಮೇಲೆ ಕೆಳಗೆ... ಎಂದೇನೋ ಗೊಣಗಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಸುಲಭ ಇತ್ತು.

“ನಾನು ಹೇಳಿದ್ರೆ ನನ್ನ ಬಾಯಿಯ ಮಾತು ಆಯ್ತು. ಕಲಂದರ್ ಇಲ್ಲ. ನೀನೇ ಒಂದು ಫೋನ್ ಮಾಡಿ ಹೇಳು. ನಗಿಸ್ಲಿಕ್ಕೆ ತಿರುಗಿಸಿದ್ದು ನಾನು ಅಂತ ಹೇಳಿದ್ರೆ ಸಾಕು. ಅವಳೊಬ್ಬಳಿಗೆ. ಬಾಕಿಯವರು ನಗ್ಲಿ.”

ನಾಳೆಯೇ ಮಾಡುತ್ತೇನೆ ಎಂದೆ. ನಂಬರ್ ಚೀಟಿಯಲ್ಲಿ ಬರೆದು ತಂದಿದ್ದರು.

20 ನವೆಂಬರ್

ಮಾಡಲಿಲ್ಲ. ಜುಬೈಲ್‌ಗೆ ಹೋಗಿದ್ದೆ.

22 ನವೆಂಬರ್

ಮಾಡಲಿಲ್ಲ. ಏನೆಂದು ಶುರು ಮಾಡುವುದು? ನಿಮ್ಮ ಉಪ್ಪನ ಮರ್ಯಾದೆ ಮಾರಿ ಚಪ್ಪಾಳೆ ತಗೊಂಡವ ನಾನು ಅಂತಲೇ?

27 ನವೆಂಬರ್, ಶುಕ್ರವಾರ

ಮಾಡಿದೆ. ಅವಳ ಗಂಡ ಎತ್ತಿದ. ನಾನು ಫಾಝಿಲ್, ಅಲಿಯಬ್ಬಾಕನ ಕ್ಯಾಂಪಿನವ ಎಂದದ್ದೇ ತಡ — ನಾಟಕದವರಾ ಎಂದ. ಏಯ್ ಬನ್ನಿ, ನಾಟಕದವರ ಫೋನು ಎಂದು ಮನೆಯವರನ್ನೆಲ್ಲ ಕರೆದ. ಸ್ಪೀಕರ್ ಹಾಕಿದ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು, ಇನ್ನೊಮ್ಮೆ ಹೇಳಿ ಎಂದ. ಹೇಳಿದೆ. ‘ನಾನು ಇಲ್ಲಿ ಇಲ್ಲ ಸುಬೇದಾರ್ರೇ.’ ಆ ಕಡೆಯಿಂದ ನಗು. ಅವಳೂ ಅಲ್ಲೇ ಇದ್ದಿರಬೇಕು. ಇನ್ನೊಮ್ಮೆ ಮಾಡುತ್ತೇನೆ ಎಂದು ಇಟ್ಟೆ.

ಥೂ. ನನ್ನ ಬಾಯಿಗೆ ಮಣ್ಣು ಹಾಕ.

ಮಧ್ಯಾಹ್ನ ಮೆಸ್ಸಿನಲ್ಲಿ ಅಲಿಯಬ್ಬಾಕ ಹುಬ್ಬಿನಲ್ಲೇ ಕೇಳಿದರು. ಲೈನ್ ಸಿಗಲಿಲ್ಲ ಎಂದೆ. ನೆಟ್‌ವರ್ಕ್ ಅಲ್ವಾ, ಆಗ್ತದೆ ಆಗ್ತದೆ ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು.

18 ಡಿಸೆಂಬರ್, ಶುಕ್ರವಾರ

ಮೂರು ವಾರ ಏನೂ ಬರೆಯಲಿಲ್ಲ. ಬರೆಯಲು ಕೂತರೆ ಚೀಟಿಯ ನೆನಪು.

ಇವತ್ತು ಎರಡನೇ ಶೋ. ಕಂಪನಿಯ ಇಯರ್ ಎಂಡ್ ಪಾರ್ಟಿಗೆ, ಜಿಎಂ ಮುಂದೆ. ಹೋದ ವಾರ ರಿಹರ್ಸಲ್‌ನಲ್ಲಿ ಸರ್‌ಗೆ ನಿಜ ಹೇಳಬೇಕು, ಸೀನ್ ಬದಲಿಸಬೇಕು ಎಂದು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಬಾಯಿ ತೆರೆಯುವ ಮೊದಲೇ ಸರ್ ಪಕ್ಕಕ್ಕೆ ಕರೆದರು. ಜುಬೈಲ್ ಆಫೀಸಿನಲ್ಲಿ ಒಂದು ಪೋಸ್ಟ್ ಖಾಲಿಯಂತೆ, ಫ್ಯಾಮಿಲಿ ಸ್ಟೇಟಸ್, ಹಸೀನಾಳನ್ನು ಕರೆಸಿಕೊಳ್ಳಬಹುದು. ಜಿಎಂಗೆ ನಿನ್ನ ಮುಖ ಪರಿಚಯ ಆಗಲಿ ಎಂದರು. ಥ್ಯಾಂಕ್ಸ್ ಸರ್ ಎಂದೆ. ಅಷ್ಟೇ ಹೇಳಿದೆ.

ಮದುವೆಯಾಗಿ ಐದು ವರ್ಷ, ಜೊತೆಗಿದ್ದದ್ದು ನೂರ ಎಂಬತ್ತು ದಿನ. ಇದನ್ನು ನೆಪ ಎಂದು ಯಾರೂ ಹೇಳಲಾರರು. ನಾನು ಹೇಳುತ್ತೇನೆ.

ಇವತ್ತು ಕೊಪ್ಪರಿಗೆಯೊಳಗೆ ಕೂತಾಗ ಉಸಿರು ಕಟ್ಟಿತು. ಮುಚ್ಚಳ ಇಷ್ಟು ಭಾರ ಎಂದು ಮೊದಲ ಸಲ ಗೊತ್ತಾಗಿರಲಿಲ್ಲ. ಮುಕ್ಕಾಲು ಗಂಟೆ ಇದನ್ನು ಒತ್ತಿ ಹಿಡಿದಿದ್ದರೆ ಕೈ ಏನಾಗಿರಬೇಕು. ಜಿಎಂ ನನ್ನ ಕೈ ಕುಲುಕಿದರು. ವೆರಿ ನ್ಯಾಚುರಲ್ ಎಂದರು.

ಅಲಿಯಬ್ಬಾಕ ಫೋನಿನ ಬಗ್ಗೆ ಕೇಳುವುದನ್ನು ನಿಲ್ಲಿಸಿದ್ದಾರೆ.

7 ಜನವರಿ 2016, ಗುರುವಾರ

ಅಲಿಯಬ್ಬಾಕನ ಫೈನಲ್ ಎಕ್ಸಿಟ್ ಬಂತು. ಮಧ್ಯಾಹ್ನ ಗಾಡಿ. ನಮ್ಮಲ್ಲಿ ಕ್ರಮ ಇದೆ — ಮತ್ತೆ ಬಾರದ ಹಾಗೆ ಹೊರಡುವವ ರೂಮ್ ರೂಮಿಗೆ ಹೋಗಿ, ಕೈ ಹಿಡಿದು, ನನ್ನಿಂದ ಏನಾದರೂ ತಪ್ಪಾಗಿದ್ದರೆ ಮಾಫ್ ಮಾಡಿ ಎಂದು ಕೇಳಿ ಹೋಗುವುದು. ಉಳಿದವ ಮಾಡಿದೆ ಎನ್ನಬೇಕು, ತಾನೂ ಕೇಳಬೇಕು. ಎಲ್ಲರೂ ಒಂದೇ ಮಾತು ಹೇಳುತ್ತಾರೆ, ಯಾರೂ ಯಾವ ತಪ್ಪು ಎಂದು ಕೇಳುವುದಿಲ್ಲ. ಅದಕ್ಕೇ ನಾನು ಕಾಯುತ್ತಿದ್ದೆ. ಅರ್ಧ ದಿನ ರಜೆ ಹಾಕಿ ರೂಮಿನಲ್ಲೇ ಕೂತಿದ್ದೆ. ಎಲ್ಲದರ ಜೊತೆ ಇದೂ ತೊಳೆದುಹೋಗಲಿ ಎಂದು.

ಬಂದರು. ಇಸ್ತ್ರಿ ಹಾಕಿದ ಬಿಳಿ ಅಂಗಿ. ಎರಡೂ ಕೈಯಲ್ಲಿ ನನ್ನ ಕೈ ಹಿಡಿದು ಹೇಳಿದರು, ಗದರಿಸಿದ್ದು, ಊಟಕ್ಕೆ ತಡ ಮಾಡಿದ್ದು, ಏನಿದ್ದರೂ ಮಾಫ್ ಮಾಡು ಎಂದು. ಮಾಡಿದೆ ಎಂದೆ. ನಾನೇ ಅವರಿಗೆ ಮಾಫ್ ಮಾಡಿದೆ! ಮತ್ತೆ ನಾನು ಕೇಳಿದೆ, ಎಲ್ಲರೂ ಕೇಳುವ ಹಾಗೆ.

ಅವರು ಕೈ ಬಿಡಲಿಲ್ಲ.

“ಯಾವುದಕ್ಕೆ?” ಎಂದರು.

ಮೆಲ್ಲನೆ ಕೇಳಿದರು. ಕಾಯುತ್ತಾ ನಿಂತರು. ಹೇಳಿದ ದಿನ ಫೋನ್ ಮಾಡಲಿಲ್ಲ, ಮಾಡಿದಾಗ ನಿಜ ಹೇಳಲಿಲ್ಲ, ಲೈನ್ ಸಿಗಲಿಲ್ಲ ಎಂದದ್ದು ಸುಳ್ಳು — ಮೂರೇ ಮಾತು. ಶಹೀರ್ ಪಕ್ಕದ ಮಂಚದಲ್ಲಿ ಕೂತಿದ್ದ.

ಹಾಗೆಯೇ, ಏನಾದರೂ ಇದ್ದರೆ ಎಂದೆ.

ತಲೆ ಆಡಿಸಿದರು. ಆಯ್ತು ಎಂದರು. ಶಹೀರ್‌ನ ಕೈ ಹಿಡಿದರು. ಅವನಿಗೂ ಅದೇ ಮಾತು. ಮುಂದಿನ ರೂಮಿನ ಬಾಗಿಲು ತಟ್ಟುವುದು ಕೇಳಿಸಿತು.

9 ಜನವರಿ

ಮೆಸ್ಸಿಗೆ ಹೊಸ ಕುಕ್ ಬಂದ. ಊಟ ಸೇರಲಿಲ್ಲ.

3 ಮಾರ್ಚ್

ಜುಬೈಲ್ ಪೋಸ್ಟ್ ಆಯಿತು. ಹಸೀನಾಳ ವೀಸಾಕ್ಕೆ ಪೇಪರ್ ಕೊಟ್ಟೆ. ಮನೆ ನೋಡಲು ಮೇಡಂ ಜೊತೆಗೆ ಬಂದರು. ಅಡುಗೆಮನೆ ನೋಡುವಾಗ ಅವರಿಗೆ ಎಲ್ಲ ಹೇಳಿಬಿಟ್ಟೆ, ಯಾಕೆ ಎಂದು ಗೊತ್ತಿಲ್ಲ. ಆ ಸಿನಿಮಾಗಳನ್ನು ಬರೆದವರಿಗೆ ಅಡುಗೆಯವನ ಮನೆ ಗೊತ್ತಿರಲಿಲ್ಲ ಅಂತ ಅಂದುಕೊಳ್ಳಬಹುದು, ನಿಮಗೆ ಗೊತ್ತಿತ್ತಲ್ಲ ಫಾಝಿಲ್, ಎಂದರು. ಇನ್ನೂ ಕಾಲ ಮಿಂಚಿಲ್ಲ, ಫೋನ್ ಮಾಡಿ ಎಂದರು.

15 ಏಪ್ರಿಲ್, ಶುಕ್ರವಾರ
ಜುಬೈಲ್

ರಜೆ ಮುಗಿಸಿ ಶಹೀರ್ ಊರಿಂದ ಬಂದ. ಅಲಿಯಬ್ಬಾಕ ನನಗೆಂದು ಮಾವಿನ ಮಿಡಿ ಉಪ್ಪಿನಕಾಯಿ ಕಳಿಸಿದ್ದಾರೆ. ಬಾಟಲಿ ಒಡೆಯದ ಹಾಗೆ ಮೂರು ಪ್ಲಾಸ್ಟಿಕ್ ಸುತ್ತಿ. ನೋಡಿದ್ದೇ ಕಣ್ಣಲ್ಲಿ ನೀರು ಬಂತು. ಸಾಕು ಇನ್ನು ಎಂದುಕೊಂಡು, ಚೀಟಿ ಹುಡುಕಿ, ನಿಂತಲ್ಲೇ ಫೋನ್ ಮಾಡಿದೆ.

ಮಿಸ್ರಿಯಾಳೇ ಎತ್ತಿದಳು. ನಡುವೆ ಜಾಗ ಬಿಟ್ಟರೆ ಮತ್ತೆ ಜಾರುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದೆ. ಒಳಗೆ ಇದ್ದದ್ದು ಕಲಂದರ್. ಹೊರಗೆ ಮುಚ್ಚಳ ಹಿಡಿದು ಕೂತದ್ದು ನಿನ್ನ ಉಪ್ಪ. ತಿರುಗಿಸಿದ್ದು ನಾನು. ನವೆಂಬರಿನಲ್ಲೇ ಹೇಳು ಎಂದಿದ್ದರು, ನಾನು ಹೇಳಲಿಲ್ಲ.

ಅವಳು ಮೆಲ್ಲ ನಕ್ಕಳು, ಸಣ್ಣ ಮಕ್ಕಳಿಗೆ ನಗುವ ಹಾಗೆ.

“ನೀವು ಒಳ್ಳೆಯವರು ಫಾಝಿಲಾಕ. ಉಪ್ಪ ಬಂದ ವಾರವೇ ಒಪ್ಪಿಕೊಂಡ್ರು, ಒಳಗೆ ಕೂತದ್ದು ನಾನೇ ಅಂತ. ಈಗ ಮಕ್ಕಳು ದಿನಾ ಕೇಳ್ತಾರೆ, ಬಟ್ಟೆ ತೊಳೆಯುವ ಟಬ್ಬಿನಲ್ಲಿ ಕೂತು ಮಾಡಿ ತೋರಿಸ್ತಾರೆ. ನೀವು ಅವರ ಮರ್ಯಾದೆಗೆ ಬೇಕಾಗಿ ಹೇಳುದು, ನಂಗೆ ಗೊತ್ತುಂಟು.”

ಅಲ್ಲ ತಂಗಿ, ನಿಜವಾಗಿ ಎಂದೆ. ಅಲ್ಲಾಹನ ಆಣೆ ಹಾಕಿದೆ. ಆಣೆ ಎಲ್ಲ ಎಂತಕ್ಕೆ, ನಂಗೆ ಬೇಜಾರಿಲ್ಲ ಎಂದಳು. ನಿಜಕ್ಕೂ ಬೇಜಾರಿರಲಿಲ್ಲ ಅವಳಿಗೆ. ಹಿಂದೆ ಮಕ್ಕಳ ಕೇಕೆ, ನಡುವೆ, ಮಗಳ ಮನೆಗೆ ಬಂದಿದ್ದ ಅಲಿಯಬ್ಬಾಕನ ದನಿ, ಯಾರದು ಎಂದು. ಫಾಝಿಲಾಕನದು ಎಂದಳು. ಫೋನ್ ಅವರ ಕೈಗೆ ಹೋಯಿತು.

“ಎಂತ ಮಾರಾಯ,” ಎಂದರು ಅಲಿಯಬ್ಬಾಕ. “ಹೊಸ ನಾಟಕ ಉಂಟಾ?”

ನಾನು —